ಲೀನ್ ಅಂದರೆ ಬರೀ ಒರಗುವುದಲ್ಲ

ತಿದ್ದಲು ಬಂದ ಒಂದು ಅನುವಾದದಲ್ಲಿ ಹೀಗಿತ್ತು: ‘ಆ ವರ್ಷ ಪೂರ್ತಿ ಅವಳು ಅಕ್ಕನ ಮೇಲೆ ಒರಗಿದಳು.’ ಇಂಗ್ಲಿಷ್ ಮೂಲದಲ್ಲಿದ್ದದ್ದು ‘ಲೀನ್ಡ್ ಆನ್’ (leaned on). ನಿಘಂಟಿನ ಪ್ರಕಾರ ತಪ್ಪಿಲ್ಲ, ಲೀನ್ ಅಂದರೆ ಒರಗು. ಆದರೆ ವರ್ಷವಿಡೀ ಯಾರಾದರೂ ಒರಗಿಕೊಂಡೇ ಇರುತ್ತಾರಾ?

ಅನುವಾದ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ. ಲೀನ್ ಕಂಡ ಕೂಡಲೇ, ಭಾರ ಹೊತ್ತಿರುವುದು ಯಾವುದು ಅಂತ ನೋಡಿ. ಗೋಡೆ ಹೊತ್ತಿದ್ದರೆ ಒರಗು ಸರಿ. ಪೀಸಾದ ಗೋಪುರಕ್ಕೆ ಪಕ್ಕದಲ್ಲಿ ಆತುಕೊಳ್ಳಲು ಏನೂ ಇಲ್ಲ, ಕೆಳಗಿನ ನೆಲ ಒಂದು ಕಡೆ ಜಾಸ್ತಿ ಮೆತ್ತಗಿದ್ದು ಕುಸಿದಿದ್ದರಿಂದ ಅದು ಹಾಗೆ ನಿಂತಿದೆ, ಹಾಗಾಗಿ ಅದು ವಾಲಿದ ಗೋಪುರ. ಕಿಟಕಿಯಿಂದ ಲೀನ್ ಆದವರು ಬಗ್ಗಿ ನೋಡುತ್ತಾರೆ. ಒಂದು ಅಭಿಪ್ರಾಯದ ಕಡೆ ಲೀನ್ ಆದರೆ ಅದು ಒಲವು. ಕೆಲಸ ಮಾಡಿಸಿಕೊಳ್ಳಲು ಯಾರ ಮೇಲಾದರೂ ಲೀನ್ ಆದರೆ ಅದು ಒತ್ತಡ ಹಾಕುವುದು, ಅಲ್ಲಿ ಒರಗು ಅಂತ ಬರೆದರೆ ಅರ್ಥವೇ ಕೆಟ್ಟುಹೋಗುತ್ತದೆ. (ತೆಳ್ಳಗಿನ, ಕೊಬ್ಬಿಲ್ಲದ ಅನ್ನುವ ಅರ್ಥದ ಲೀನ್ ಬೇರೆ ಪದ, ಅದನ್ನು ಇಲ್ಲಿ ಸೇರಿಸಬೇಡಿ.)

ಈ ಪದದ ಹುಟ್ಟು ನನಗೆ ತುಂಬಾ ಇಷ್ಟ. ಹಳೆಯ ಇಂಗ್ಲಿಷ್‌ನಲ್ಲಿ ಇದು ‘ಹ್ಲಿನಿಯನ್’. ಮೊದಲಲ್ಲಿದ್ದ ಹಕಾರ ಕಾಲಕ್ರಮೇಣ ಬಿದ್ದುಹೋಯಿತು. ಗೋಡೆಗೆ ಒರಗಿಸಿ ಇಡುವ ಏಣಿ, ಅಂದರೆ ಲ್ಯಾಡರ್, ಇದೇ ಬಳಗದ್ದು. ಇಂಗ್ಲಿಷ್‌ನ ನೆಂಟ ಭಾಷೆ ಗ್ರೀಕ್‌ನಲ್ಲಿ ಇದೇ ಬೇರಿಗೆ ಮೊದಲಲ್ಲಿ ಕಕಾರ. ಅಲ್ಲಿ ‘ಕ್ಲೀನೆ’ ಅಂದರೆ ಒರಗುವ ಮಂಚ, ಕ್ಲಿನಿಕ್ ಬಂದದ್ದು ಅದರಿಂದ. ‘ಕ್ಲಿಮ’ ಅಂದರೆ ಇಳಿಜಾರು, ಅದರಿಂದ ಕ್ಲೈಮೇಟ್. ಇದೇ ಭಾಷಾ ಬಳಗದ ಸಂಸ್ಕೃತದಲ್ಲಿ ಆ ಕಕಾರದ ಜಾಗದಲ್ಲಿ ಶಕಾರ ಇರುತ್ತದೆ. ಇದು ಸುಮ್ನೆ ಊಹೆ ಅಲ್ಲ, ನೂರಕ್ಕಿರುವ ಪದಗಳನ್ನೇ ನೋಡಿ: ಲ್ಯಾಟಿನ್‌ನಲ್ಲಿ ಕೆಂಟುಮ್, ಇಂಗ್ಲಿಷ್‌ನಲ್ಲಿ ಹಂಡ್ರೆಡ್, ಸಂಸ್ಕೃತದಲ್ಲಿ ಶತ. ಕ, ಹ, ಶ. ಲೀನ್‌ನ ಬೇರು ಇದೇ ದಾರಿ ಹಿಡಿದು, ಲಕಾರ ರಕಾರವಾಗಿ, ಸಂಸ್ಕೃತದಲ್ಲಿ ‘ಶ್ರಿ’ ಅನ್ನುವ ಧಾತುವಾಯಿತು. ಒರಗು, ಆತುಕೊಳ್ಳು ಅಂತ ಅದರ ಅರ್ಥ. ಅದರಿಂದ ಬಂದದ್ದೇ ಆಶ್ರಯ. ಆಶ್ರಯ ಕನ್ನಡದ ಬಾಯಲ್ಲಿ ಸವೆದು ಆಸರೆ ಆಯಿತು.

ಅಂದರೆ ಆ ಅನುವಾದಕರಿಗೆ ಬೇಕಾಗಿದ್ದ ಪದ ಲೀನ್‌ನ ನೆಂಟನೇ ಅಲ್ವಾ? ವಾಕ್ಯವನ್ನು ಹೀಗೆ ತಿದ್ದಿ ಕಳಿಸಿದೆ: ‘ಆ ವರ್ಷ ಪೂರ್ತಿ ಅವಳಿಗೆ ಅಕ್ಕನೇ ಆಸರೆ.’