ಕಾವಲಿಗೆ ಸಸಿ ತರಬೇಡಿ

ಜೂನ್ ಬಂತೆಂದರೆ ನನಗೆ ಫೋನ್ ಮೇಲೆ ಫೋನ್. "ಸಾರ್, ಬಾಸೂರು ಕಾವಲಿನಲ್ಲಿ ಅಷ್ಟು ಜಾಗ ಖಾಲಿ ಬಿದ್ದಿದೆಯಲ್ಲ, ಐನೂರು ಸಸಿ ತರ್ತೀವಿ." ಕಾವಲು ಎಂದರೆ ಅರಸರ ಕಾಲದಿಂದ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲು. ವರ್ಷಗಟ್ಟಲೆ ಅಲ್ಲೇ ಹಕ್ಕಿಗಳ ಲೆಕ್ಕ ಇಡುತ್ತಾ ಬಂದವನಿಗೆ ಆ 'ಖಾಲಿ' ಎಂಬ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆ 'ಬೆಣ್ಣೆ ಚಾವಡಿ'. ಅದರ ದನಗಳೇ ಮುಂದೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿಕೊಂಡವು. ಹೈದರನ ಫಿರಂಗಿ ಎಳೆದದ್ದೂ ಇವೇ ಎತ್ತುಗಳು. ಅವು ಮೇಯಲು ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಕಾವಲುಗಳಿದ್ದವು. ಹಿಂಡು ಋತು ನೋಡಿ ನಡೆಯುತ್ತಿತ್ತು. ಮೇದ ಹುಲ್ಲು ಮತ್ತೆ ಚಿಗುರಲು ಬಿಡುವು ಸಿಗುತ್ತಿತ್ತು. ಕಡೂರು ತಾಲ್ಲೂಕಿನ ಬಾಸೂರು ಕಾವಲು, ಸುಮಾರು 1,800 ಎಕರೆ, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು.

ಮರ ನೆಟ್ಟರೆ ತಪ್ಪೇನು ಎಂದು ಕೇಳುತ್ತಾರೆ. ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಕೃಷ್ಣಮೃಗಕ್ಕೆ ಅಡಗುವ ಅಭ್ಯಾಸವಿಲ್ಲ; ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವ ಪ್ರಾಣಿ ಅದು. ಪೊದೆ, ತೋಪು ಎದ್ದರೆ ಅದರ ಕಣ್ಣು ಕಟ್ಟಿದಂತೆ. ಮರ ಎತ್ತರಕ್ಕೆ ಬೆಳೆದರೆ ಕಾಗೆಗೆ ಕೂರಲು ಜಾಗ ಸಿಗುತ್ತದೆ, ಅಲ್ಲಿಂದ ನೆಲದ ಗೂಡುಗಳೆಲ್ಲ ಕಾಣುತ್ತವೆ. ನೆರಳು ಬಿದ್ದಲ್ಲಿ ಬಿಸಿಲಿನ ಹುಲ್ಲು ಸೊರಗುತ್ತದೆ. ಅಲ್ಲಲ್ಲಿ ತಾನಾಗಿ ಹುಟ್ಟಿದ ಜಾಲಿಯ ಮಾತು ಬೇರೆ, ಅದನ್ನು ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಪ್ರತಿ ಕಾವಲನ್ನೂ ನೋಡಿಯೇ ತೀರ್ಮಾನಿಸಬೇಕು. ಆದರೆ ಸಾಲುಸಾಲು ಗುಂಡಿ ತೋಡುವುದು ಮಾತ್ರ ಬೇಡವೇ ಬೇಡ.

ಒಮ್ಮೆ ಒಂದು ಗುಂಪು ಹೇಳದೆ ಕೇಳದೆ ಟ್ರ್ಯಾಕ್ಟರ್ ತುಂಬ ಸಸಿ ತಂದಿತ್ತು. ನಾನು ತಲುಪುವಷ್ಟರಲ್ಲಿ ಹನ್ನೆರಡು ಗುಂಡಿ ಆಗಿದ್ದವು. ಹದಿಮೂರನೆಯದಕ್ಕೆ ಗುದ್ದಲಿ ಎತ್ತಿದ್ದ ಹುಡುಗನ ಕಾಲಿನಿಂದ ಒಂದು ಗೇಣು ಆಚೆ, ಹುಲ್ಲಿನ ಬುಡದಲ್ಲಿ ಅಂಗೈಯಷ್ಟೂ ಇಲ್ಲದ ತಗ್ಗು. ಅಂಚಿಗೆ ಪುಟ್ಟ ಪುಟ್ಟ ಕಲ್ಲು ಜೋಡಿಸಿತ್ತು. ಒಳಗೆ ನೆಲಗುಬ್ಬಿಯ ಎರಡು ಮೊಟ್ಟೆ, ಮಣ್ಣಿನದೇ ಬಣ್ಣ. ಹುಡುಗ ಗುದ್ದಲಿಯನ್ನು ಮೆಲ್ಲಗೆ ಕೆಳಗಿಟ್ಟ. ನಾವಿಬ್ಬರೂ ಸೇರಿ ಹನ್ನೆರಡು ಗುಂಡಿಯನ್ನೂ ಮುಚ್ಚಿದೆವು. ಅವರೆಲ್ಲ ಒಳ್ಳೆಯ ಮಕ್ಕಳೇ, ಹೇಳುವವರು ಇರಲಿಲ್ಲ ಅಷ್ಟೆ. ಸಸಿಗಳು ಅವರ ಶಾಲೆಯ ಬೇಲಿ ಸೇರಿದವು.

ಬರುವುದಾದರೆ ಚಳಿಗಾಲದಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಬರಿಗೈಲಿ ಬನ್ನಿ. ಹುಲ್ಲಿನ ತೆನೆಯ ಚೂಪಾದ ಊಬು ಚುಚ್ಚುತ್ತದೆ, ದಪ್ಪ ಪ್ಯಾಂಟ್ ಇರಲಿ. ಹೊತ್ತು ಮುಳುಗುವಾಗ ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬಂದ ಹ್ಯಾರಿಯರ್ ಗಿಡುಗಗಳು ಕಂಡರೂ ಕಾಣಬಹುದು. ಅವು ರಾತ್ರಿ ಮಲಗುವುದು ಮರದಲ್ಲಲ್ಲ, ಮೊಣಕಾಲೆತ್ತರದ ಈ ಹುಲ್ಲಿನೊಳಗೆ, ನೆಲದ ಮೇಲೆ.