ಈಜು ಕಲಿಸುತ್ತಲೇ ಮಕ್ಕಳನ್ನು ಕಾಯಲು ಆಗುತ್ತದಾ?

ಪ್ರಶ್ನೆ: ನನಗೆ ಈಜು ಚೆನ್ನಾಗಿ ಬರುತ್ತದೆ. ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ ಲೈಫ್‌ಗಾರ್ಡ್ ಕೆಲಸಕ್ಕೆ ಕರೆದಿದ್ದಾರೆ. ಜೊತೆಗೆ ಮಕ್ಕಳಿಗೆ ಈಜನ್ನೂ ಕಲಿಸಬೇಕಂತೆ. ಒಬ್ಬರೇ ಎರಡೂ ಕೆಲಸ ಮಾಡಬಹುದಾ? ನಾನು ಏನೇನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಎರಡು ಕೆಲಸವನ್ನೂ ಕಲಿಯಬಹುದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಒಂದೇ ದಿನ ಎರಡನ್ನೂ ಮಾಡಲೂಬಹುದು. ಆದರೆ ಒಂದೇ ಹೊತ್ತಿಗೆ ಎರಡನ್ನೂ ಮಾಡುವ ಹಾಗಿಲ್ಲ. ನೀವು ನೀರಲ್ಲಿ ನಿಂತು ಕಲಿಸುತ್ತಿದ್ದೀರಿ ಅಂದರೆ, ದಡದಲ್ಲಿ ಇನ್ನೊಬ್ಬರು ಬೇರೇನೂ ಮಾಡದೆ ಕಾಯುತ್ತಿರಬೇಕು. ಇದರಲ್ಲಿ ಮಾತ್ರ ರಾಜಿ ಬೇಡ. "ಇರೋದೇ ಐದಾರು ಮಕ್ಕಳು, ಸೊಂಟದುದ್ದ ನೀರು, ಏನಾಗುತ್ತೆ ಬಿಡಿ" ಅಂತ ಯಾರಾದರೂ ಹೇಳಿದರೂ ಬೇಡ.

ಕಲಿಸುವವರ ಕಣ್ಣು ಎಲ್ಲಿರುತ್ತದೆ ಅಂತ ಸ್ವಲ್ಪ ಯೋಚಿಸಿ. ಆರು ವರ್ಷದ ಹುಡುಗ ಮೊದಲ ಸಲ ಅಂಗಾತ ತೇಲಲು ನೋಡುತ್ತಿದ್ದಾನೆ. ನಿಮ್ಮ ಒಂದು ಕೈ ಅವನ ತಲೆಯ ಕೆಳಗಿದೆ, ಇನ್ನೊಂದು ಬೆನ್ನಿನ ಕೆಳಗಿದೆ. ಅವನ ಮುಖವನ್ನೇ ನೋಡುತ್ತಾ ಮಾತಾಡಿಸುತ್ತಿದ್ದೀರಿ. ಹಾಗೆ ನೋಡದಿದ್ದರೆ ಕಲಿಸಲು ಆಗುವುದೇ ಇಲ್ಲ. ಅಷ್ಟರಲ್ಲಿ ಗೋಡೆ ಹಿಡಿದು ನಿಂತ ಐವರಲ್ಲಿ ಒಬ್ಬಳು "ಅಕ್ಕಾ, ನನ್ನ ನೋಡಿ ಅಕ್ಕಾ!" ಅಂತ ಕೂಗುತ್ತಾಳೆ. ನಿಮ್ಮ ಕಣ್ಣು ಅತ್ತ ತಿರುಗುತ್ತದೆ. ಗೋಡೆಯಿಂದ ಕೈ ಬಿಟ್ಟು, ಕಾಲು ನೆಲಕ್ಕೆ ಎಟುಕದೆ, ಸದ್ದೇ ಇಲ್ಲದೆ ಒದ್ದಾಡುತ್ತಿರುವ ಮಗುವನ್ನು ಆಗ ಯಾರು ನೋಡುತ್ತಾರೆ?

ನ್ಯೂಯಾರ್ಕ್‌ನ ಆರ್ಚರ್ಡ್ ಬೀಚ್‌ನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ಅನ್ನುವವರು ಈ ವಿಷಯವನ್ನು ತುಂಬಾ ಹತ್ತಿರದಿಂದ ನೋಡಿದವರು. ನೀರಲ್ಲಿ ಮುಳುಗುವವರು ನಿಜವಾಗಿ ಹೇಗೆ ಕಾಣುತ್ತಾರೆ ಅಂತ ಕ್ಯಾಮೆರಾ ಇಟ್ಟು ಚಿತ್ರೀಕರಿಸಿ ಅಧ್ಯಯನ ಮಾಡಿದರು. ಲೈಫ್‌ಗಾರ್ಡ್ ಎದುರಿಗಿದ್ದರೂ ಜನ ಯಾಕೆ ಮುಳುಗುತ್ತಾರೆ ಅನ್ನುವುದಕ್ಕೆ 1984ರಲ್ಲಿ ಅವರು ಮೂರು ಕಾರಣ ಕೊಟ್ಟರು. ಮುಳುಗುತ್ತಿದ್ದಾರೆ ಅಂತ ಗುರುತೇ ಸಿಗದೆ ಹೋಗುವುದು ಒಂದು. ಕಾಯುವ ಕೆಲಸದ ನಡುವೆ ಬೇರೆ ಕೆಲಸ ನುಗ್ಗುವುದು ಇನ್ನೊಂದು. ಗಮನ ಬೇರೆ ಕಡೆ ಹೋಗುವುದು ಮೂರನೆಯದು. ಕಲಿಸುವುದು ಆ ಎರಡನೇ ಕಾರಣಕ್ಕೆ ಸೇರುತ್ತದೆ. ಅದು ಒಳ್ಳೆಯ ಕೆಲಸವೇ, ಆದರೆ ಕಾಯುವವರ ಮಟ್ಟಿಗೆ ಅದು "ಬೇರೆ ಕೆಲಸ". ಕೊಳದ ಪಕ್ಕ ತೊಳೆಯುವುದು, ಟವೆಲ್ ಹಂಚುವುದು, ಹಾಜರಿ ಬರೆಯುವುದು ಕೂಡ ಅಷ್ಟೇ.

ಮೊದಲ ಕಾರಣವನ್ನು ಬಿಡಿಸಿ ಹೇಳಲೇಬೇಕು. ಸಿನಿಮಾದಲ್ಲಿ ಮುಳುಗುವವರು ಕೈ ಬೀಸುತ್ತಾರೆ, ಕಿರುಚುತ್ತಾರೆ. ನಿಜವಾಗಿ ಮುಳುಗುವ ಮಗು ಸಾಮಾನ್ಯವಾಗಿ ಎರಡನ್ನೂ ಮಾಡುವುದಿಲ್ಲ. ಕೂಗಬೇಕಾದರೆ ಮೊದಲು ಉಸಿರಾಡಬೇಕಲ್ವಾ? ಬಾಯಿ ನೀರಿನ ಮೇಲೆ ಬರುವುದೇ ಅರೆಕ್ಷಣ. ಅದು ಉಸಿರೆಳೆಯುವುದಕ್ಕೇ ಸಾಲುವುದಿಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿಕೊಂಡು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಹಾಗಾಗಿ ಬೀಸಲು ಕೈ ಬಿಡುವಿರುವುದಿಲ್ಲ. ಮೈ ನೆಟ್ಟಗಿರುತ್ತದೆ, ಕಾಲು ಬಡಿಯುವುದು ಕಾಣುವುದಿಲ್ಲ. ತಲೆ ಹಿಂದಕ್ಕೆ ವಾಲಿ ಬಾಯಿ ತೆರೆದಿರುತ್ತದೆ. ಕೂದಲು ಕಣ್ಣಿನ ಮೇಲೆ ಬಿದ್ದರೂ ಮಗು ಸರಿಸಿಕೊಳ್ಳುವುದಿಲ್ಲ. ಹೀಗೆ ಒದ್ದಾಡುವುದು 20ರಿಂದ 60 ಸೆಕೆಂಡ್ ಮಾತ್ರ ಅಂತ ಪಿಯಾ ಹೇಳಿದ್ದಾರೆ. ಆಮೇಲೆ ಮಗು ನೀರಿನ ಕೆಳಗೆ. ದೂರದಿಂದ ನೋಡಿದವರಿಗೆ ಅದು ಆಟವಾಡುತ್ತಿದೆ ಅಂತಲೇ ಅನಿಸುತ್ತದೆ. ಗದ್ದಲ ಮಾಡುತ್ತಿರುವ ಮಕ್ಕಳಿಗಿಂತ ಜಾಸ್ತಿ ಸುಮ್ಮನಾದ ಮಗುವನ್ನೇ ನೋಡಿ ಅಂತ ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಲೈಫ್‌ಗಾರ್ಡ್ ತರಬೇತಿಯಲ್ಲಿ 10/20 ಅಂತ ಒಂದು ಲೆಕ್ಕ ಬಳಕೆಯಲ್ಲಿದೆ. ಕಷ್ಟದಲ್ಲಿರುವವರನ್ನು 10 ಸೆಕೆಂಡಿನೊಳಗೆ ಗುರುತಿಸಬೇಕು, ಮುಂದಿನ 20 ಸೆಕೆಂಡಿನೊಳಗೆ ತಲುಪಬೇಕು. ಇದನ್ನು ಮೇಲೆ ಹೇಳಿದ 20ರಿಂದ 60 ಸೆಕೆಂಡಿನ ಜೊತೆ ಇಟ್ಟು ನೋಡಿ. ಒಂದು ಮಗುವಿನ ತಲೆ ಹಿಡಿದು ನಿಂತವರಿಗೆ ಈ ಲೆಕ್ಕ ಹೊಂದುವುದೇ ಇಲ್ಲ.

ಇನ್ನು ಕಾಯುವ ಕೆಲಸ. ಹೊರಗಿನಿಂದ ನೋಡಿದರೆ ಸುಮ್ನೆ ಕೂತಿರುವ ಹಾಗೆ ಕಾಣುತ್ತದೆ, ನಿಜಕ್ಕೂ ಬಹಳ ಸುಸ್ತಾಗುವ ಕೆಲಸ. ನಿಮಗೆ ಕೊಟ್ಟ ಜಾಗದಲ್ಲಿ ಮೊದಲು ನೀರಿನ ತಳ ನೋಡಬೇಕು, ಆಮೇಲೆ ಮಧ್ಯ, ಆಮೇಲೆ ಮೇಲ್ಭಾಗ. ಹೆಚ್ಚಿನವರು ತಲೆಗಳನ್ನು ಮಾತ್ರ ನೋಡುತ್ತಾ ಹೋಗುತ್ತಾರೆ. ಅದು ಸಾಲದು. ಬಿಸಿಲು ನೀರಿನ ಮೇಲೆ ಬಿದ್ದು ಹೊಳೆಯುವಾಗ ತಳ ಕಾಣುವುದಿಲ್ಲ. ಹೊತ್ತು ಏರಿದಂತೆ ಹೊಳಪಿನ ಜಾಗವೂ ಸರಿಯುತ್ತಾ ಹೋಗುತ್ತದೆ. ಆಗ ಕೂತಲ್ಲೇ ಕೂರದೆ ಎದ್ದು ಜಾಗ ಬದಲಿಸಿ. ನಿಮ್ಮ ಕುರ್ಚಿಯ ಕೆಳಗಿನ ಗೋಡೆಯ ಪಕ್ಕವೂ ಕಾಣುವುದಿಲ್ಲ, ಬಾಗಿ ನೋಡಬೇಕು. ಈಜುಕೊಳದ ಆಳದ ಕಡೆ ನೀರು ಹೊರಹೋಗುವ ಜಾಲರಿ ಸ್ಪಷ್ಟವಾಗಿ ಕಾಣದಷ್ಟು ನೀರು ಮಬ್ಬಾಗಿದ್ದರೆ ಆ ದಿನ ಮಕ್ಕಳನ್ನು ಇಳಿಸಬೇಡಿ.

ಅರ್ಧ ಗಂಟೆಗೊಮ್ಮೆಯಾದರೂ ಕಾಯುವವರು ಬದಲಾಗಬೇಕು, ಯಾಕೆಂದರೆ ಒಂದೇ ನೀರನ್ನು ನೋಡುತ್ತಾ ಇದ್ದರೆ ಮನಸ್ಸು ಮಂಕಾಗುತ್ತದೆ. ಬದಲಾಗುವಾಗ ಇಬ್ಬರೂ ಹರಟೆಗೆ ನಿಲ್ಲಬಾರದು. ಬಂದವರು "ನಾನು ನೋಡ್ತಾ ಇದ್ದೀನಿ" ಅಂತ ಬಾಯಿಬಿಟ್ಟು ಹೇಳಿದ ಮೇಲೇ ಹೋಗುವವರು ನೀರಿನಿಂದ ಕಣ್ಣು ತೆಗೆಯಬೇಕು. ಫೋನ್ ಹತ್ತಿರವೂ ಇರಬಾರದು. ಅಪ್ಪ ಅಮ್ಮಂದಿರು ಮಾತಾಡಿಸಲು ಬಂದರೆ ಮುಖ ತಿರುಗಿಸದೆಯೇ "ಪಾಳಿ ಮುಗಿದ ಮೇಲೆ ಸಿಗ್ತೀನಿ" ಅನ್ನಿ. ಅದನ್ನು ಸೊಕ್ಕು ಅಂದುಕೊಂಡರೂ ಪರವಾಗಿಲ್ಲ.

ಶಿಬಿರದ ಮೊದಲ ದಿನ ಪ್ರತಿ ಮಗುವಿಗೂ ಈಜು ಪರೀಕ್ಷೆ ಮಾಡಿ. "ನಮ್ಮ ಮಗ ಮೀನಿನ ಹಾಗೆ ಈಜುತ್ತಾನೆ" ಅಂತ ಅರ್ಜಿಯಲ್ಲಿ ಬರೆದಿದ್ದರೂ ಮಾಡಿ. ಆಳವಿಲ್ಲದ ಕಡೆ, ಒಬ್ಬೊಬ್ಬರನ್ನೇ ಕರೆದು ನೋಡಿದರೆ ಸಾಕು. ಆಮೇಲೆ ಈಜು ಬಾರದವರು, ಕಲಿಯುತ್ತಿರುವವರು, ಬಲ್ಲವರು ಅಂತ ಬೇರೆ ಬೇರೆ ಬಣ್ಣದ ಬಿಲ್ಲೆ ಅಥವಾ ಕೈಪಟ್ಟಿ ಕೊಡಿ. ಯಾರು ಯಾವ ಆಳದವರೆಗೆ ಹೋಗಬಹುದು ಅಂತ ದೂರದಿಂದಲೇ ಗೊತ್ತಾಗುತ್ತದೆ. ಇದರ ಜೊತೆಗೆ ಜೋಡಿ ಪದ್ಧತಿ ಇರಲಿ. ಅಮೆರಿಕದ ಸ್ಕೌಟ್ ಶಿಬಿರಗಳಲ್ಲಿ ಇದನ್ನು ಬಹಳ ಕಾಲದಿಂದ ಪಾಲಿಸುತ್ತಾರೆ. ಒಂದೇ ಮಟ್ಟದ ಇಬ್ಬರು ಮಕ್ಕಳು ಜೋಡಿ. ಸೀಟಿ ಊದಿದ ತಕ್ಷಣ ಇಬ್ಬರೂ ಕೈ ಕೈ ಹಿಡಿದು ಮೇಲೆತ್ತಬೇಕು, ನೀವು ಎಣಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಎಣಿಸಿದರೆ ಒಳ್ಳೆಯದು. ಒಬ್ಬ ಮಗು ಲೆಕ್ಕಕ್ಕೆ ಸಿಗಲಿಲ್ಲ ಅಂದರೆ "ಶೌಚಾಲಯಕ್ಕೆ ಹೋಗಿರಬೇಕು" ಅಂದುಕೊಳ್ಳಬೇಡಿ. ನೀರಲ್ಲೇ ಇದೆ ಅಂದುಕೊಂಡು ಮೊದಲು ನೀರು ಹುಡುಕಿಸಿ, ಅದೇ ಹೊತ್ತಿಗೆ ಇನ್ನೊಬ್ಬರನ್ನು ಹೊರಗೆ ಹುಡುಕಲು ಕಳಿಸಿ.

ಕಲಿಸುವ ಕೆಲಸದ ಬಗ್ಗೆ ಮಾತಾಡಲು ನನಗೆ ತುಂಬಾ ಇಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಿ ಅನ್ನುವುದು ಆ ಸಂಸ್ಥೆಯ ಮುಖ್ಯ ಸಲಹೆಗಳಲ್ಲಿ ಒಂದು. ಅಂದಮೇಲೆ ನೀವು ಕಲಿಸುವುದು ಬೇಸಿಗೆ ಕಳೆಯುವ ಆಟ ಅಲ್ಲ.

ಹೊಸಬರು ಮೊದಲ ದಿನವೇ ಕೈ ಬೀಸುವುದು, ಕಾಲು ಬಡಿಯುವುದು ಹೇಳಿಕೊಡಲು ಹೊರಡುತ್ತಾರೆ. ಅದು ಆಮೇಲಿನ ಮಾತು. ಮೊದಲು ಮುಖಕ್ಕೆ ನೀರು ತಾಗಿದರೆ ಹೆದರದಿರುವುದು. ಕಟ್ಟೆಯ ಮೇಲೆ ಕೂತು ಕಾಲು ಆಡಿಸಲಿ, ಬೊಗಸೆಯಲ್ಲಿ ನೀರು ತೆಗೆದು ತಾವೇ ಮುಖಕ್ಕೆ ಹಾಕಿಕೊಳ್ಳಲಿ. ನೀವು ಎರಚಬೇಡಿ. ಆಮೇಲೆ ಬಾಯಿ ನೀರಿಗಿಟ್ಟು ಗುಳ್ಳೆ ಬಿಡುವುದು. ನೀರೊಳಗೆ ಉಸಿರು ಬಿಡಬೇಕು, ಹೊರಗೆ ಎಳೆಯಬೇಕು ಅನ್ನುವ ಪಾಠ ಮಗುವಿಗೆ ಗೊತ್ತಿಲ್ಲದೆಯೇ ಅಲ್ಲಿ ಆಗಿಬಿಡುತ್ತದೆ.

ಅಂಗಾತ ತೇಲುವ ಪಾಠದಲ್ಲಿ ಕಿವಿ ನೀರಿಗೆ ಇಳಿಯುವ ಗಳಿಗೆಯೇ ಕಷ್ಟದ್ದು. ಕಿವಿ ಮುಳುಗಿದ ತಕ್ಷಣ ನಿಮ್ಮ ಮಾತು ಸರಿಯಾಗಿ ಕೇಳುವುದಿಲ್ಲ, ಮಗು ಬೆಚ್ಚಿ ತಲೆ ಎತ್ತುತ್ತದೆ. ತಲೆ ಎತ್ತಿದರೆ ಸೊಂಟ ಮಡಚಿ ಕೆಳಗೆ ಹೋಗುತ್ತದೆ. ಅದಕ್ಕೆ ಮೊದಲೇ ಹೇಳಿಟ್ಟಿರಿ: "ಈಗ ನನ್ನ ಮಾತು ಸಣ್ಣಗೆ ಕೇಳುತ್ತೆ, ಆದರೆ ನನ್ನ ಮುಖ ಕಾಣ್ತಾನೇ ಇರುತ್ತೆ." ಹೊಟ್ಟೆ ಮೇಲೆತ್ತು, ಗಲ್ಲ ಮೇಲೆ ಮಾಡು ಅನ್ನಿ. ಮಗುವಿನ ಕುತ್ತಿಗೆ ಸಡಿಲವಾಗಿದ್ದು ನಿಮ್ಮ ಅಂಗೈಗೆ ಗೊತ್ತಾಗುತ್ತದೆ. ಆಗ "ಬೆನ್ನಿನ ಕೈ ತೆಗೀಲಾ?" ಅಂತ ಕೇಳಿ, ಹೂಂ ಅಂದ ಮೇಲೇ ತೆಗೆಯಿರಿ. ಬಿಡುವುದಿಲ್ಲ ಅಂತ ಹೇಳಿ ಮೆಲ್ಲಗೆ ಕೈ ಬಿಡುವ ಚಾಳಿ ಕೆಲವರಿಗಿದೆ. ದಯವಿಟ್ಟು ಬೇಡ. ಒಮ್ಮೆ ಹಾಗೆ ಮಾಡಿದರೆ ಆ ಮಗು ನಿಮ್ಮನ್ನೂ ನಂಬುವುದಿಲ್ಲ, ನೀರನ್ನೂ ನಂಬುವುದಿಲ್ಲ.

ಹೊಸ ಕಲಿಕೆಯವರಾದರೆ ಒಬ್ಬರಿಗೆ ಆರು ಮಕ್ಕಳಿಗಿಂತ ಜಾಸ್ತಿ ಬೇಡ. ಎಲ್ಲರೂ ನಿಮ್ಮ ಎದುರಿಗಿರಲಿ, ಯಾರೂ ನಿಮ್ಮ ಬೆನ್ನ ಹಿಂದೆ ಇರದಿರಲಿ. ತೋಳಿಗೆ ಕಟ್ಟುವ ಗಾಳಿ ಚೀಲ ಆಟದ ಸಾಮಾನು, ಅದು ಜೀವ ಕಾಯುವುದಿಲ್ಲ. ತುಟಿ ನೀಲಿಯಾಗಿ ಹಲ್ಲು ಕಟಕಟ ಅಂದರೆ ಪಾಠ ಅಲ್ಲಿಗೇ ನಿಲ್ಲಿಸಿ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ, ನಡುಗುವ ಮಗು ಏನೂ ಕಲಿಯುವುದಿಲ್ಲ. ಗುಡುಗು ಕೇಳಿದರೆ ಎಲ್ಲರನ್ನೂ ಹೊರಗೆ ಕರೆಯಿರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಯಾರನ್ನೂ ಇಳಿಸಬೇಡಿ.

ಸ್ವಲ್ಪ ದೊಡ್ಡ ಮಕ್ಕಳು ನೀರೊಳಗೆ ಯಾರು ಜಾಸ್ತಿ ಹೊತ್ತು ಉಸಿರು ಹಿಡಿಯುತ್ತಾರೆ ಅಂತ ಪಂದ್ಯ ಕಟ್ಟುತ್ತಾರೆ. ಇದನ್ನು ಕಂಡ ತಕ್ಷಣ ನಿಲ್ಲಿಸಿ. ಮುಳುಗುವ ಮೊದಲು ಜೋರಾಗಿ, ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ. ಉಸಿರು ಬೇಕು ಅಂತ ನಮಗೆ ಅನಿಸುವುದು ಮುಖ್ಯವಾಗಿ ಅದು ಏರಿದಾಗ. ಅದು ಏರುವ ಮೊದಲೇ ಆಮ್ಲಜನಕ ಇಳಿದು, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವ ಮಕ್ಕಳಿಗೇ ಇದರ ಅಪಾಯ ಜಾಸ್ತಿ.

ಈಗ ನಿಮ್ಮ ತಯಾರಿ. ಲೈಫ್‌ಗಾರ್ಡ್ ಪ್ರಮಾಣಪತ್ರ ಬೇರೆ, ಈಜು ಶಿಕ್ಷಕರ ಪ್ರಮಾಣಪತ್ರ ಬೇರೆ. ಒಂದಿದ್ದರೆ ಇನ್ನೊಂದು ಇದ್ದ ಹಾಗಲ್ಲ. ಪರೀಕ್ಷೆ ಹೇಗಿರುತ್ತದೆ ಅನ್ನುವುದಕ್ಕೆ ಅಮೆರಿಕನ್ ರೆಡ್ ಕ್ರಾಸ್‌ನದ್ದನ್ನು ನೋಡಿ. ಕೈ ಬಳಸದೆ 2 ನಿಮಿಷ ನೀರಲ್ಲಿ ನಿಂತಲ್ಲೇ ತೇಲಬೇಕು. ಇನ್ನೊಂದು ಭಾಗದಲ್ಲಿ ಸುಮಾರು 18 ಮೀಟರ್ ಈಜಿ, 7ರಿಂದ 10 ಅಡಿ ಆಳಕ್ಕೆ ಮುಳುಗಿ, ನಾಲ್ಕೂವರೆ ಕಿಲೋ ತೂಕದ ಇಟ್ಟಿಗೆ ತೆಗೆದು, ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಗಾತ ಈಜುತ್ತಾ ವಾಪಸ್ ಬಂದು, ಏಣಿ ಇಲ್ಲದೆ ಮೇಲೆ ಹತ್ತಬೇಕು. ಈ ಎರಡನೇ ಭಾಗಕ್ಕೆ ಎಲ್ಲಾ ಸೇರಿ 1 ನಿಮಿಷ 40 ಸೆಕೆಂಡ್. ವೇಗವಾಗಿ ಈಜುವವರೂ ಕೈ ಬಳಸದೆ ತೇಲುವುದರಲ್ಲಿ ಸೋಲುವುದುಂಟು. ಈಗಿನಿಂದಲೇ ಅಭ್ಯಾಸ ಮಾಡಿ.

ಸಿಪಿಆರ್, ಅಂದರೆ ಉಸಿರು ಮತ್ತು ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಟ್ಟು ಮಾಡುವ ತುರ್ತು ಚಿಕಿತ್ಸೆ, ಕಲಿಯುವಾಗ ಒಂದು ವಿಷಯ ಮನಸ್ಸಿನಲ್ಲಿಡಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಗಾಳಿ. ಬರೀ ಎದೆ ಒತ್ತಿದರೆ ಸಾಲದು, ಬಾಯಿಂದ ಉಸಿರು ಕೊಡುವುದೂ ಸೇರಿದ ತರಬೇತಿಯೇ ಆಗಬೇಕು. ಯುರೋಪಿನ ಮಾರ್ಗಸೂಚಿ ಮೊದಲು 5 ಸಲ ಉಸಿರು ಕೊಡಿ ಅನ್ನುತ್ತದೆ, ಅಮೆರಿಕದ್ದು 2 ಸಲ ಅನ್ನುತ್ತದೆ. ನಿಮಗೆ ಕಲಿಸಿದ ಕ್ರಮವನ್ನೇ ಪಾಲಿಸಿ. ಕಾಯುವಾಗ ರೆಸ್ಕ್ಯೂ ಟ್ಯೂಬ್ (ಮುಳುಗುತ್ತಿರುವವರನ್ನು ತೇಲಿಸಿ ಎಳೆದು ತರಲು ಬಳಸುವ ಉದ್ದನೆಯ ತೇಲು ಸಾಧನ) ಸದಾ ತೊಡೆಯ ಮೇಲಿರಲಿ, ಅದರ ಪಟ್ಟಿ ಹೆಗಲಿಗೆ ಹಾಕಿಯೇ ಇರಲಿ.

ಕೆಲಸ ಒಪ್ಪುವ ಮೊದಲು ಶಿಬಿರದವರ ಹತ್ತಿರ ಪಾಳಿಯ ಪಟ್ಟಿ ಕೇಳಿ. ಪಾಠದ ಹೊತ್ತಿನ ಎದುರಿಗೆ ಕಲಿಸುವವರ ಹೆಸರೊಂದು, ಕಾಯುವವರ ಹೆಸರೊಂದು, ಹೀಗೆ ಎರಡು ಹೆಸರು ಇರಬೇಕು. ಎರಡೂ ಕಡೆ ನಿಮ್ಮ ಹೆಸರೇ ಇದ್ದರೆ ಅದನ್ನು ಬದಲಿಸಿ ಅಂತ ಹೇಳಿ. ಆಗುವುದಿಲ್ಲ ಅಂದರೆ ಆ ಕೆಲಸ ಒಪ್ಪಬೇಡಿ.