ಸೌತ್‌ಡೇಲ್: ಊರು ಕಟ್ಟೋಕೆ ಹೊರಟಿದ್ದು, ಮಾಲ್ ಮಾತ್ರ ಎದ್ದಿದ್ದು

ಮಾಲ್ ಕಟ್ಬೇಕು ಅಂತ ನಮ್ ಆಫೀಸಿಗೆ ಬರೋರು ಮೊದ್ಲು ಮಾತಾಡೋದು ಏಟ್ರಿಯಂ (ನಡುವಿನ ತೆರೆದ ದೊಡ್ಡ ಹಾಲ್) ಎಷ್ಟು ಎತ್ತರ, ಎಸ್ಕಲೇಟರ್ ಎಲ್ಲಿ, ಯಾವ್ ಬ್ರ್ಯಾಂಡ್ ಬರುತ್ತೆ ಅಂತ. ಸುತ್ತಲಿನ ಜಾಗ ಯಾರ ಕೈಲಿದೆ, ಅಲ್ಲೇನು ಬರುತ್ತೆ ಅಂತ ಕೇಳಿದ್ರೆ ‘ಅದು ಆಮೇಲೆ ನೋಡೋಣ ಸಾರ್’ ಅಂತಾರೆ. ಆರ್ಕಿಟೆಕ್ಟ್ ಆಗಿ ನಂಗೆ ಅದೇ ಮೊದಲ್ನೇ ಪ್ರಶ್ನೆ. ಯಾಕೆ ಅಂತ ತಿಳೀಬೇಕಾದ್ರೆ ಅಮೆರಿಕದ ಸೌತ್‌ಡೇಲ್ ಕಥೆ ನೋಡ್ಬೇಕು.

ಮಿನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿ 1956ರ ಅಕ್ಟೋಬರ್ 8ಕ್ಕೆ ಶುರುವಾದ ಮಾಲ್ ಇದು, ಪೂರ್ತಿ ಮುಚ್ಚಿ ಏಸಿ-ಹೀಟಿಂಗ್ ಮಾಡಿದ ಅಮೆರಿಕದ ಮೊದಲ ಶಾಪಿಂಗ್ ಮಾಲ್. ಕಟ್ಟಿಸಿದ್ದು ಡೇಟನ್ಸ್ ಅನ್ನೋ ದೊಡ್ಡ ಅಂಗಡಿ ನಡೆಸ್ತಿದ್ದ ಡೇಟನ್ ಕುಟುಂಬ (ಮುಂದೆ ಟಾರ್ಗೆಟ್ ಅಂಗಡಿ ಶುರು ಮಾಡಿದ್ದೂ ಅವ್ರೇ), ಡಿಸೈನ್ ಮಾಡಿದ್ದು ಆರ್ಕಿಟೆಕ್ಟ್ ವಿಕ್ಟರ್ ಗ್ರೂಯನ್, ವಿಯೆನ್ನಾದಲ್ಲಿ ಹುಟ್ಟಿ ನಾಜಿಗಳ ಕಾಟಕ್ಕೆ 1938ರಲ್ಲಿ ಅಮೆರಿಕಕ್ಕೆ ಬಂದ ಯಹೂದಿ. ಜನ ನಡ್ಕೊಂಡು ಓಡಾಡೋ, ಕಾಫಿ ಕುಡೀತಾ ಕೂರೋ ಪೇಟೆ ಅವನ ಮನಸ್ಸಲ್ಲಿತ್ತು, ಆದ್ರೆ ಅಮೆರಿಕದ ಸಬರ್ಬ್‌ಗಳಲ್ಲಿ (ನಗರದ ಹೊರವಲಯದ ಬಡಾವಣೆಗಳಲ್ಲಿ) ಅಂಥದ್ದು ಏನೂ ಇರ್ಲಿಲ್ಲ, ಎಲ್ಲಾದಕ್ಕೂ ಕಾರೇ.

ಕೆಲಸ ನಿಜಕ್ಕೂ ಅದ್ಭುತ. ಚಳಿಗಾಲದಲ್ಲಿ ಹೊರಗಡೆ ಮೈನಸ್ ಇದ್ರೂ ಒಳಗೆ ಸುಮಾರು 24 ಡಿಗ್ರಿ, ನಡುವೆ ಗಾರ್ಡನ್ ಕೋರ್ಟ್, ಅಲ್ಲಿ ಗಿಡ, ಹಕ್ಕಿಗಳು, ಶಿಲ್ಪಿ ಹ್ಯಾರಿ ಬರ್ಟೋಯಾ ಮಾಡಿದ ಲೋಹದ ಮರಗಳು. ಅಂಗಡಿಗಳ ಮುಂಭಾಗಕ್ಕೆ ಮಳೆ-ಗಾಳಿ ತಾಗಲ್ಲ, ಹಾಗಾಗಿ ಗೋಡೆ-ಗಾಜಿನ ಖರ್ಚೂ ಕಡಿಮೆ. ಎರಡು ಫ್ಲೋರ್ ಮಾಡಿ, ಪಾರ್ಕಿಂಗನ್ನೂ ಎರಡು ಮಟ್ಟದಲ್ಲಿ ಇಟ್ಟು, ಯಾವ ಫ್ಲೋರಿಗೆ ಬೇಕಾದ್ರೂ ಹೊರಗಡೆಯಿಂದ ನೇರ ಬರೋ ಹಾಗೆ ಮಾಡಿದ, ಇಲ್ದಿದ್ರೆ ಮೇಲಿನ ಅಂಗಡಿಗೆ ಯಾರೂ ಹತ್ತಲ್ಲ, ಈ ಸಮಸ್ಯೆ ನಮ್ ಕಡೆ ಮಾಲ್‌ಗಳ ಮೂರನೇ ಫ್ಲೋರಲ್ಲಿ ಬಾಡಿಗೆ ಕಟ್ಟೋರ್ನ ಕೇಳಿ, ಹೇಳ್ತಾರೆ. ಇನ್ನೊಂದು, ಡೇಟನ್ಸ್ ತನ್ನ ಪೈಪೋಟಿ ಅಂಗಡಿ ಡೊನಾಲ್ಡ್‌ಸನ್ಸನ್ನೇ ಒಳಗೆ ಕರ್ಕೊಂಡ್ರು. ಎರಡು ದೊಡ್ಡ ಅಂಗಡಿ ಇದ್ರೆ ಜನ ಒಂದ್ರಿಂದ ಇನ್ನೊಂದಕ್ಕೆ ನಡೀತಾರೆ, ದಾರೀಲಿರೋ ಚಿಕ್ಕ ಅಂಗಡಿಗಳಿಗೆ ಗಿರಾಕಿ ಸಿಗುತ್ತೆ. ಆಂಕರ್ ಸ್ಟೋರ್ (ಜನರನ್ನ ಸೆಳೆಯೋ ಇಂಥ ದೊಡ್ಡ ಅಂಗಡಿ) ಲೆಕ್ಕ ಇವತ್ತಿಗೂ ಅದೇ.

ಆದ್ರೆ ಗ್ರೂಯನ್ ಪ್ಲಾನಲ್ಲಿ ಮಾಲ್ ಒಂದು ಭಾಗ ಅಷ್ಟೇ. ಒಟ್ಟು 463 ಎಕರೆ, ಅದ್ರಲ್ಲಿ ಮನೆಗಳು, ಶಾಲೆ, ಆಸ್ಪತ್ರೆ, ಪಾರ್ಕು, ಕೆರೆ. ಮಾಲ್ ಬಂದ್ಮೇಲೆ ಸುತ್ತಲಿನ ಜಾಗದ ಬೆಲೆ ಏರ್ತು, ಸಿಕ್ಕಿದ್ ಸಿಕ್ಕಿದ್ ಹಾಗೆ ಕಟ್ಟಡ ಎದ್ವು, ಊರಿನ ನಡುವೆ ಇರಬೇಕಾಗಿದ್ದ ಕಟ್ಟಡದ ಸುತ್ತ ಸುಮಾರು 5,200 ಕಾರಿನ ಪಾರ್ಕಿಂಗ್ ಉಳೀತು. ಅಮೆರಿಕದ ಹೆಸರಾಂತ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಬಂದು ನೋಡಿ, ಹಳ್ಳಿ ಬೀದಿಯ ಕೆಡುಕೆಲ್ಲ ಇದೆ, ಅದರ ಚೆಲುವು ಮಾತ್ರ ಇಲ್ಲ ಅನ್ನೋ ಅರ್ಥದಲ್ಲಿ ಟೀಕಿಸಿದ. ನಂಗನಿಸೋದು ರೈಟ್ ಒಳಾಂಗಣ ನೋಡಿ ಬೈದ, ತಪ್ಪು ಇದ್ದಿದ್ದು ಹೊರಗಡೆ.

ಇದಕ್ಕೆ ಟ್ಯಾಕ್ಸೂ ಜೊತೆಯಾಯ್ತು. 1954ರಲ್ಲಿ ಅಮೆರಿಕ ಸರ್ಕಾರ ಹೊಸ ಕಟ್ಟಡಗಳ ಸವಕಳಿಯನ್ನ (ಹಳೇದಾದಂಗೆ ಕಡಿಮೆಯಾಗೋ ಬೆಲೆ, ಅದನ್ನ ಖರ್ಚು ಅಂತ ಲೆಕ್ಕಕ್ಕೆ ಹಾಕ್ತಾರೆ) ಮೊದಲ ವರ್ಷಗಳಲ್ಲೇ ಜಾಸ್ತಿ ತೋರಿಸ್ಕೊಳ್ಳೋಕೆ ಬಿಡ್ತು. ಅಂದ್ರೆ ಲಾಭ ಬರ್ತಿದ್ರೂ ಲೆಕ್ಕದಲ್ಲಿ ನಷ್ಟ, ಟ್ಯಾಕ್ಸ್ ಉಳಿತಾಯ. ಹಳೇ ಪೇಟೆ ರಿಪೇರಿ ಮಾಡೋದಕ್ಕಿಂತ ಊರಾಚೆ ಅಗ್ಗದ ಜಾಗದಲ್ಲಿ ಹೊಸದು ಕಟ್ಟಿ, ಕೆಲ ವರ್ಷ ಬಿಟ್ಟು ಮಾರೋದೇ ಲಾಭ ಅಂತಾಯ್ತು. ಹಾಗೆ ಕಟ್ಟೋರಿಗೆ ಶಾಲೆ, ಕೆರೆ ಯಾಕೆ ಬೇಕು?

ಗ್ರೂಯನ್ 1968ರಲ್ಲಿ ವಿಯೆನ್ನಾಗೆ ವಾಪಸ್ ಹೋದ, ತನ್ನ ಐಡಿಯಾ ಕೆಡಿಸಿ ಕಟ್ಟಿದ ಮಾಲ್‌ಗಳಿಗೆ ತಾನು ಜವಾಬ್ದಾರ ಅಲ್ಲ ಅಂತ ಆಮೇಲೆ ಬಹಿರಂಗವಾಗೇ ಹೇಳಿದ. ಅಷ್ಟರಲ್ಲಿ ವಿಯೆನ್ನಾ ಅಂಚಲ್ಲೂ ಒಂದು ದೊಡ್ಡ ಶಾಪಿಂಗ್ ಸೆಂಟರ್ ಬಂದಿತ್ತು.

ಸೌತ್‌ಡೇಲ್ ಇವತ್ತೂ ಇದೆ. 2010ರ ದಶಕದಲ್ಲಿ ಪಾರ್ಕಿಂಗ್ ಜಾಗದಲ್ಲೇ ಅಪಾರ್ಟ್‌ಮೆಂಟ್ ಬಂದ್ವು, ಜೆಸಿಪೆನ್ನಿ ಅನ್ನೋ ದೊಡ್ಡ ಅಂಗಡಿ ಇದ್ದ ಕಡೆ 2019ರಲ್ಲಿ ದೊಡ್ಡ ಜಿಮ್. ಈಗ ಈಡೈನಾ ನಗರದೋರು ಸುತ್ತಲಿನ ದೊಡ್ಡ ದೊಡ್ಡ ಬ್ಲಾಕ್‌ಗಳನ್ನ ಒಡೆದು ನಡುವೆ ನಡೆಯೋ ದಾರಿ ಬಿಡಿಸೋಕೆ ನೋಡ್ತಿದ್ದಾರೆ, ಆದ್ರೆ ಜಾಗ ಈಗ ಒಬ್ಬರ ಕೈಲಿಲ್ಲ, ಒಂದೊಂದು ಸೈಟಿನ ಓನರ್ ಹತ್ರಾನೂ ಬೇರೆ ಬೇರೆಯಾಗಿ ಮಾತಾಡ್ಬೇಕು.